ಅಪ್ಪನ ಬೆಟ್ಟಕ್ಕೆ ಒಂದು ಸುತ್ತು

ಅಪ್ಪನ ಬೆಟ್ಟಕ್ಕೆ ಗರಗಸ ಇಟ್ಟವನು ನಾನೇ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಅಕ್ಕ ಹೇಳುತ್ತಾಳೆ. ಅವಳು ಹೇಳಿದರೆ ನನ್ನ ಮಾನ ಇನ್ನೂ ಎರಡು ಇಂಚು ಕಡಿಮೆಯಾಗುತ್ತದೆ.

ಬೆಟ್ಟ ಎಂದರೆ ನಿಜವಾದ ಬೆಟ್ಟವಲ್ಲ. ಜಯನಗರದ ಪಕ್ಕದ ಸಿದ್ದಾಪುರದ ನಮ್ಮ ಮನೆಯ ಮುಂದೆ ಮರಗೆಲಸದ ಶೆಡ್ ಇದೆ. ಅದರ ಉದ್ದನೆಯ ಗೋಡೆಗೆ ಆನಿಸಿ ಅಪ್ಪ ಕಟ್ಟಿದ ಮರದ ರೋಲರ್ ಕೋಸ್ಟರ್ ಅದು. ಹನ್ನೆರಡು ಅಡಿ ಉದ್ದ, ಆಳೆತ್ತರ. ಕೆಳಗೆ ಅಡ್ಡಡ್ಡ, ಓರೆಓರೆ ಹೆಣೆದ ನೂರಾರು ಕಡ್ಡಿಗಳ ಆಸರೆ, ಮೇಲೆ ತೆಳುವಾದ ತೇಗದ ಪಟ್ಟಿಗಳನ್ನು ಪದರಪದರವಾಗಿ ಅಂಟಿಸಿ ಮಾಡಿದ ಹಳಿ. ಅಂಗೈಯಷ್ಟು ದೊಡ್ಡ ಗಾಡಿಯನ್ನು ತುದಿಯಿಂದ ಬಿಟ್ಟರೆ ಏರಿ ಇಳಿದು, ಏರಿ ಇಳಿದು, ಇನ್ನೊಂದು ತುದಿಯಲ್ಲಿ ಕಟ್ಟಿದ ಸೈಕಲ್ ಬೆಲ್ಲಿಗೆ ಬಡಿದು ನಿಲ್ಲುತ್ತದೆ. ರೋಲರ್ ಕೋಸ್ಟರ್ ಎನ್ನುವ ಹೆಸರು ಅಮ್ಮನ ಬಾಯಿಗೆ ಹತ್ತಲಿಲ್ಲ. ಅವಳು ಬೆಟ್ಟ ಅಂದಳು, ಅದೇ ಉಳಿಯಿತು.

ಅಪ್ಪ ಅದನ್ನು ಶುರುಮಾಡಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ಜಯನಗರದ ಒಂದು ಮನೆಯಲ್ಲಿ ಅವನು ಬೀರು ಮಾಡುತ್ತಿದ್ದ. ಆ ಮನೆಯ ಗೋಡೆಯ ಮೇಲೆ ಹೊರದೇಶದ ಕ್ಯಾಲೆಂಡರ್ ಒಂದಿತ್ತು, ಹನ್ನೆರಡು ತಿಂಗಳಿಗೆ ಹನ್ನೆರಡು ಮರದ ರೋಲರ್ ಕೋಸ್ಟರಿನ ಚಿತ್ರ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಅಪ್ಪ ಅದರ ಎದುರಿಗೇ ಕೂರುತ್ತಿದ್ದನಂತೆ. ವರ್ಷ ಮುಗಿದ ಮೇಲೆ ಯಜಮಾನರು ಅದನ್ನು ಅವನಿಗೇ ಕೊಟ್ಟರು. ಮನೆಗೆ ತಂದು ಚಾಪೆಯ ಮೇಲೆ ಹರಡಿ, "ನೋಡ್ರೋ, ಇಷ್ಟೊಂದು ಮರ, ಇಷ್ಟೊಂದು ಕೆಲಸ, ಎಲ್ಲಾ ಬರೀ ಜನ ಕೂತ್ಕೊಂಡು ಕಿರುಚಲಿ ಅಂತ!" ಎಂದು ನಕ್ಕ. ಅಲ್ಲಿಯವರೆಗೆ ಅವನ ಕೈಯಿಂದ ಬಂದದ್ದೆಲ್ಲ ಬಾಗಿಲು, ಕಿಟಕಿ, ಮಂಚ, ದೇವರ ಮಂಟಪ. ಒಂದೊಂದಕ್ಕೂ ಒಂದು ಉಪಯೋಗ. ಯಾವ ಉಪಯೋಗವೂ ಇಲ್ಲದ ಇಷ್ಟು ದೊಡ್ಡ ಮರಗೆಲಸ ಅವನ ತಲೆ ಕೆಡಿಸಿತು.

ಬೇರೆಯವರ ಮನೆಯ ಬಾಗಿಲು ಮಾಡಿ ಉಳಿದ ಚೂರುಗಳನ್ನು ಕೇಳಿ ಪಡೆದು ತರುತ್ತಿದ್ದ. ಭಾನುವಾರ ಮಾತ್ರ ಬೆಟ್ಟದ ಕೆಲಸ. ಏಳು ವರ್ಷ ಹಿಡಿಯಿತು. ಗಾಡಿಗೆ ಅವನು ಮಾಡಿದ ಚಕ್ರಗಳನ್ನು ನೋಡಿದರೆ ನನಗೆ ಈಗಲೂ ಆಶ್ಚರ್ಯವಾಗುತ್ತದೆ. ಹಳಿಯ ಮೇಲೆ ಒಂದು ಜೊತೆ, ಪಕ್ಕಕ್ಕೆ ತಾಗಿಕೊಂಡು ಒಂದು ಜೊತೆ, ಹಳಿಯ ಅಡಿಯಿಂದ ಹಿಡಿದುಕೊಳ್ಳಲು ಇನ್ನೊಂದು ಜೊತೆ. ಇಂಗ್ಲಿಷ್ ಬಾರದ ಮನುಷ್ಯ, ಬರೀ ಚಿತ್ರ ನೋಡಿ, ಇಳಿಜಾರಿನಲ್ಲಿ ಗಾಡಿ ಮೇಲಕ್ಕೆ ಹಾರಬಾರದು ಎಂದರೆ ಅಡಿಯಿಂದಲೂ ಹಿಡಿತ ಬೇಕು ಎಂದು ಕಂಡುಕೊಂಡಿದ್ದ. ನಾನು ಅದೇ ಸಮಯದಲ್ಲಿ ಭೌತಶಾಸ್ತ್ರ ಓದುತ್ತಿದ್ದೆ. ಶೆಡ್ಡಿನ ಧೂಳಿಗೆ ಸೀನು ಬರುತ್ತದೆ ಎಂಬ ನೆಪ ಹೇಳಿ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ನಮ್ಮ ಮನೆಯಲ್ಲಿ ಕೆಲಸ ಕಲಿತವಳು ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು, ಈಗ ಐವತ್ತೆಂಟು. ಹುಡುಗಿಗೆ ಉಳಿ ಸುತ್ತಿಗೆ ಯಾಕೆ ಎಂದು ನೆಂಟರು ಕೇಳಿದಾಗ ಅಪ್ಪ, "ಅವಳಿಗೆ ಕೈ ಇದೆ" ಎಂದಷ್ಟೇ ಹೇಳಿದ. ಅವಳು ಮದುವೆಯಾಗಲಿಲ್ಲ, ಶೆಡ್ ಬಿಡಲಿಲ್ಲ. ಈ ಕಡೆ ಯಾರಿಗಾದರೂ ಗಟ್ಟಿ ತೇಗದ ಬಾಗಿಲು ಬೇಕೆಂದರೆ ಅವಳನ್ನು ಹುಡುಕಿಕೊಂಡು ಬರುತ್ತಾರೆ. ನಾನು ಪದ್ಮನಾಭನಗರದಲ್ಲಿ ಮನೆಯ ಮೇಲೊಂದು ಶೀಟು ಹಾಕಿಸಿ, ಬೆಂಚುಗಳನ್ನಿಟ್ಟು, ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಹೇಳುತ್ತೇನೆ. ಆ ಬೆಂಚುಗಳನ್ನು ಮಾಡಿಕೊಟ್ಟವಳೂ ಅವಳೇ. ಗೋಡೆಗೆ ಮೊಳೆ ಹೊಡೆಯಬೇಕಾದರೂ ನನ್ನ ಹೆಂಡತಿ ನನ್ನನ್ನು ಕೇಳುವುದಿಲ್ಲ, ಅಕ್ಕನಿಗೆ ಫೋನ್ ಮಾಡುತ್ತಾಳೆ.

ಶೆಡ್ಡಿನಲ್ಲಿ ಅಪ್ಪ ಮಾಡಿದ ಒಂದು ಪದ್ಧತಿ ಇದೆ. ಬೆಳಿಗ್ಗೆ ಕಾಫಿ ಆದ ಮೇಲೆ ಮೊದಲು ಬೆಟ್ಟದ ಮೇಲೆ ಗಾಡಿ ಬಿಡಬೇಕು, ಬೆಲ್ ಹೊಡೆಯಬೇಕು. ಬೆಲ್ ಆಗುವವರೆಗೆ ಗರಗಸವಾಗಲಿ ಉಳಿಯಾಗಲಿ ಮರಕ್ಕೆ ತಾಗುವಂತಿಲ್ಲ. ಅಮ್ಮ ತೀರಿಕೊಂಡ ಹನ್ನೊಂದನೆಯ ದಿನದ ಮಾರನೇ ಬೆಳಿಗ್ಗೆ ಕೂಡ ಅವನು ಹಾಗೇ ಮಾಡಿದ. ನಾಲ್ಕು ವರ್ಷದ ಹಿಂದೆ ಅವನ ಕಣ್ಣು ಪೂರ್ತಿ ಹೋಯಿತು, ನರ ಒಣಗಿದೆ ಎಂದರು ಡಾಕ್ಟರು. ಅಂದಿನಿಂದ ಗಾಡಿ ಬಿಡುವುದು ಅಕ್ಕನ ಕೆಲಸ, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಕೇಳುವುದು ಅಪ್ಪನ ಕೆಲಸ. ಗಾಡಿ ಹೊರಟ ಕೂಡಲೇ ತುಟಿಯಲ್ಲೇ ಎಣಿಸುತ್ತಾನೆ. ಹದಿನಾಲ್ಕಕ್ಕೆ ಬೆಲ್. ಹದಿನೈದಾದರೆ, "ಮೂರನೇ ಏರಲ್ಲಿ ಧೂಳು ಕೂತಿದೆ, ಒರೆಸು" ಅನ್ನುತ್ತಾನೆ. ಒರೆಸಿದರೆ ಹದಿನಾಲ್ಕಾಗುತ್ತದೆ.

ನನಗೆ ಇಷ್ಟು ವರ್ಷದಲ್ಲಿ ಯಾರೂ ಗಾಡಿ ಬಿಡು ಎಂದು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮಳೆಗಾಲ ಮುಗಿಯುತ್ತಿದ್ದ ಒಂದು ಭಾನುವಾರ, ಎಂದಿನಂತೆ ಸ್ಕೂಟರಿನಲ್ಲಿ ಹೋಗಿ ಶೆಡ್ಡಿನಲ್ಲಿ ಕೂತಿದ್ದೆ. ಫೋನಿನಲ್ಲಿ ಒಂದು ವೀಡಿಯೋ ಬಂದಿತ್ತು. ಹೊರದೇಶದ ಯಾವುದೋ ಪಾರ್ಕಿನ ಮರದ ಕೋಸ್ಟರ್, ಅದಕ್ಕೆ ಹೊಸದಾಗಿ ತಲೆಕೆಳಗಾಗುವ ಸುತ್ತು ಸೇರಿಸಿದ್ದರು. ಅಕ್ಕನಿಗೆ ತೋರಿಸಿದೆ. ಬಾಗಿಲ ಬಳಿ ಇದ್ದ ಅಪ್ಪ ಕತ್ತು ಹೊರಳಿಸಿದ.

"ಅದು ಮರದ್ದಾ?" ಎಂದ.

"ಹೆಂಗೆ ಗೊತ್ತಾಯ್ತಪ್ಪ?"

"ಕಬ್ಬಿಣ ಆದ್ರೆ ಗುಂಯ್ ಅನ್ನುತ್ತೆ. ಇದು ಗಡಗಡ ಅಂತಿದೆ. ಸೌಂಡ್ ಜಾಸ್ತಿ ಮಾಡು."

ಸೌಂಡ್ ಜಾಸ್ತಿ ಮಾಡಿ ಫೋನನ್ನು ಅವನ ಕಿವಿಯ ಹತ್ತಿರ ಹಿಡಿದೆ. ಗಾಡಿ ಸುತ್ತಿನೊಳಗೆ ಹೋಗುವ ಜಾಗ ಬಂದಾಗ, "ಈಗ ತಲೆಕೆಳಗೆ ಹೋಗ್ತಿದೆ ನೋಡು" ಎಂದೆ. ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡ. ವೀಡಿಯೋ ಮುಗಿದ ಮೇಲೂ ಬಿಡಲಿಲ್ಲ. "ಮರದಲ್ಲಿ ಮಾಡ್ಬಿಟ್ರಾ?" ಎಂದು ಎರಡು ಸಲ ಕೇಳಿದ. ಮೊದಲೊಮ್ಮೆ ಎಲ್ಲೋ ಮಾಡಲು ಹೋಗಿ ಕೆಲವು ವರ್ಷಕ್ಕೆ ಆ ಸುತ್ತನ್ನು ತೆಗೆದುಹಾಕಿದ್ದರಂತೆ, ಈಗ ಹೊಸ ಬಗೆಯ ಹಳಿ ಮಾಡಿ ಮತ್ತೆ ಗೆದ್ದಿದ್ದಾರಂತೆ, ಸುತ್ತಿನ ಜಾಗದಲ್ಲಿ ಆಸರೆಗೆ ಕಬ್ಬಿಣ ಬಳಸುತ್ತಾರಂತೆ ಎಂದು ನಾನು ಓದಿದ್ದನ್ನೆಲ್ಲ ಹೇಳಿದೆ. ಕಬ್ಬಿಣ ಬಂದ ಮೇಲೆ ಅದನ್ನು ಮರದ್ದು ಅನ್ನಬಾರದು ಎಂದು ಕೆಲವರು ಜಗಳ ಆಡುತ್ತಾರೆ ಎಂದೂ ಸೇರಿಸಿದೆ.

"ಬಾಗಿಲಿಗೆ ಹಿಂಜ್ ಕಬ್ಬಿಣದ್ದೇ ಹಾಕೋದು. ಹಂಗಂತ ತೇಗದ ಬಾಗಿಲನ್ನ ಕಬ್ಬಿಣದ ಬಾಗಿಲು ಅಂತೀಯಾ?" ಎಂದ ಅಪ್ಪ. ಆಮೇಲೆ, ನಮಗೆ ಅಲ್ಲ ಎನ್ನುವ ಹಾಗೆ ಮೆಲ್ಲಗೆ, "ನಾನು ಮಾಡ್ಲಿಲ್ಲ ನೋಡು" ಎಂದ.

ಆ ಮಾತು ನನಗೆ ಚುಚ್ಚಿತು. ಅಪ್ಪನಿಗೆ ಎಂಬತ್ತನಾಲ್ಕು. ಅವನು ಏನನ್ನಾದರೂ ಮಾಡಲಿಲ್ಲ ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವನ ಕಿವಿ ಕೇಳುತ್ತಿರುವಾಗಲೇ, ಆ ಬೆಟ್ಟಕ್ಕೆ ಒಂದು ಸುತ್ತು ಸೇರಿಸಲೇಬೇಕು ಎಂದು ಅಲ್ಲೇ ತೀರ್ಮಾನ ಮಾಡಿದೆ. ಸುತ್ತಿನ ಮೇಲೆ ಗಾಡಿ ಹೋಗುವುದರ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತಿರುವವರು ಈ ಏರಿಯಾದಲ್ಲಿ ಯಾರಿದ್ದಾರೆ? ಇಪ್ಪತ್ತಾರು ವರ್ಷದಿಂದ ಪ್ರತಿ ವರ್ಷ ಬೋರ್ಡಿನ ಮೇಲೆ ಬಿಡಿಸುತ್ತಿರುವ ಚಿತ್ರ ಅದು. ಸುತ್ತಿನ ತ್ರಿಜ್ಯದ ಎರಡೂವರೆ ಪಟ್ಟು ಎತ್ತರದಿಂದ ಬಿಟ್ಟರೆ ಗಾಡಿ ಬೀಳದೆ ಸುತ್ತು ಹೊಡೆಯುತ್ತದೆ. ಮುಗಿಯಿತು.

ಅಪ್ಪ ಮಲಗಿದಾಗ ಅಕ್ಕನಿಗೆ ಹೇಳಿದೆ. ಮೊದಲನೇ ದೊಡ್ಡ ಇಳಿಜಾರಿನ ಬುಡದಲ್ಲಿ ಎರಡಡಿಯಷ್ಟು ಹಳಿ ಸಪಾಟಾಗಿದೆ. ಅದನ್ನು ತೆಗೆದು ಅಲ್ಲೊಂದು ಸುತ್ತು ಕೂರಿಸುವುದು, ಒಳಗೆ ಹೋದ ಹಳಿ ನಾಲ್ಕು ಬೆರಳು ಪಕ್ಕಕ್ಕೆ ಸರಿದು ಹೊರಗೆ ಬರುವುದು. ಅಪ್ಪನಿಗೆ ಹೇಳದೆ ಮಾಡುವುದು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಕೂತಿದ್ದಾಗ ಅವನ ಕಿವಿಗೆ ಬೀಳಬೇಕು.

ಅಕ್ಕ ಬೆಟ್ಟದ ಸುತ್ತ ಓಡಾಡಿದಳು, ಹಳಿಯ ಮೇಲೆ ಕೈಯಾಡಿಸಿದಳು.

"ಅಪ್ಪನ ಕೈದು ಅಂತ ಉಳಿದಿರೋದು ಇದೊಂದೇ ಕಣೋ" ಎಂದಳು. "ಬಾಗಿಲೆಲ್ಲಾ ಬೇರೆಯವರ ಮನೇಲಿದಾವೆ. ಇದನ್ನ ಕೊಯ್ದು, ಆಮೇಲೆ ಆಗ್ಲಿಲ್ಲ ಅಂದ್ರೆ?"

"ಆಗುತ್ತಕ್ಕ. ಲೆಕ್ಕ ಇದೆ."

"ಲೆಕ್ಕ ಇರ್ಲಿ. ಮೊದಲು ಸುತ್ತು ಬೇರೆ ಮಾಡೋಣ. ಬೇರೆ ಹಲಗೆ ಮೇಲೆ ಇಟ್ಟು ಗಾಡಿ ಬಿಟ್ಟು ನೋಡೋಣ. ಆಮೇಲೆ ಕೊಯ್ಯೋ ಮಾತು. ಮುಂದಿನ ಭಾನುವಾರ ಜೆ.ಪಿ. ನಗರಕ್ಕೆ ಬಾಗಿಲು ಕೂರ್ಸೋಕೆ ಹೋಗ್ತೀನಿ. ನಾನು ಬರೋವರೆಗೂ ಕೈ ಇಡಬೇಡ."

ಕೈ ಇಡುವುದಿಲ್ಲ ಎಂದೆ. ಆ ವಾರ ಜರಗನಹಳ್ಳಿಯ ಒಂದು ಮೆಷಿನ್ ಕಟಿಂಗ್ ಅಂಗಡಿಗೆ ಹೋಗಿ, ಕಂಪ್ಯೂಟರಿನಲ್ಲಿ ಅಳತೆ ಹಾಕಿಸಿ, ಪ್ಲೈವುಡ್ಡಿನಲ್ಲಿ ಒಂದಡಿ ತ್ರಿಜ್ಯದ ವೃತ್ತಾಕಾರದ ಹಳಿ ಕೊಯ್ಯಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ವೃತ್ತ. ಸ್ಕೂಟರಿನ ಹಿಂದೆ ಕಟ್ಟಿಕೊಂಡು ಕನಕಪುರ ರಸ್ತೆಯ ಬಸ್ಸುಗಳ ನಡುವೆ ಬರುವಾಗ ನನಗೆ ನನ್ನ ಬಗ್ಗೆಯೇ ಬಹಳ ಗೌರವ ಬಂದಿತ್ತು.

ಭಾನುವಾರ ಹನ್ನೊಂದು ಗಂಟೆಗೆ ಶೆಡ್ಡಿಗೆ ಹೋದೆ. ಅಕ್ಕ ಬಾಗಿಲು ಕೂರಿಸಲು ಹೋಗಿಯಾಗಿತ್ತು. ಅಪ್ಪ ಒಳಕೋಣೆಯಲ್ಲಿ ಮಲಗಿದ್ದ. ಸುತ್ತನ್ನು ತಂದು ಸಪಾಟು ಹಳಿಯ ಪಕ್ಕದಲ್ಲಿ ಇಟ್ಟು ನೋಡಿದೆ. ಎಷ್ಟು ಚೆನ್ನಾಗಿ ಕಾಣಿಸಿತೆಂದರೆ, ಅಕ್ಕ ಬರುವಷ್ಟರಲ್ಲಿ ಕೂರಿಸಿಯೇ ಬಿಟ್ಟರೆ ಹೇಗೆ ಎಂಬ ಆಸೆ ಬಂತು. ನಿಜ ಹೇಳಬೇಕೆಂದರೆ ಇನ್ನೂ ಒಂದು ಆಸೆ ಇತ್ತು. ಆ ಶೆಡ್ಡಿನಲ್ಲಿ ಒಂದು ಕೆಲಸವನ್ನಾದರೂ ನಾನು ಮಾಡಬೇಕು, ಅದನ್ನು ಇವರಿಬ್ಬರೂ ಒಪ್ಪಬೇಕು ಎಂದು. ಗೋಡೆಯ ಮೇಲಿದ್ದ ಸಣ್ಣ ಹಲ್ಲಿನ ಗರಗಸ ತೆಗೆದುಕೊಂಡೆ. ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದು ಕೊಯ್ದೆ. ಮೊದಲನೆಯದು ಪರವಾಗಿಲ್ಲ. ಎರಡನೆಯದರಲ್ಲಿ ಗರಗಸ ಗೆರೆ ಬಿಟ್ಟು ಓರೆಯಾಗಿ ಇಳಿಯಿತು. ನಿಲ್ಲಿಸಲು ಗೊತ್ತಾಗಲಿಲ್ಲ, ಕೊಯ್ದು ಮುಗಿಸಿದೆ.

ಸುತ್ತನ್ನು ಆ ಸಂದಿಯಲ್ಲಿ ಕೂರಿಸಿ, ಅಂಟಿಸಿ, ಕ್ಲ್ಯಾಂಪ್ ಬಿಗಿದು, ಒಣಗಿದ ಮೇಲೆ ಗಾಡಿ ಬಿಟ್ಟೆ. ದೊಡ್ಡ ಇಳಿಜಾರು ಇಳಿದು ಬಂದ ಗಾಡಿ ಸುತ್ತಿನ ಬುಡ ಮುಟ್ಟಿದ್ದೇ ತಡ, ಗೋಡೆಗೆ ಬಡಿದ ಹಾಗೆ ಟಕ್ ಎಂದಿತು. ಮುಕ್ಕಾಲು ಭಾಗ ಹತ್ತಿತು. ನಿಂತಿತು. ಹಿಂದಕ್ಕೆ ಜಾರಿ ಬಂದು ಅದೇ ಜಾಗದಲ್ಲಿ ಇನ್ನೊಮ್ಮೆ ಬಡಿಯಿತು, ಮುಂದಿನ ಅಚ್ಚು ಮುರಿದು ಚಕ್ರ ನೆಲಕ್ಕೆ ಉರುಳಿತು. ನಾನು ಆ ಚಕ್ರವನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ಅಕ್ಕ ಬಂದಾಗ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೊಯ್ದ ಜಾಗವನ್ನು ಬಗ್ಗಿ ನೋಡಿದಳು. ಕೈಚೀಲ ಕೆಳಗಿಟ್ಟು, ಸೀರೆಯ ಸೆರಗಿನಿಂದ ಹಳಿಯ ಮೇಲಿದ್ದ ಹೊಟ್ಟು ಒರೆಸಿದಳು.

"ಏನು ಲೆಕ್ಕ ಅಂತ ಬಿಟ್ಟೆ?" ಎಂದಳು.

"ತ್ರಿಜ್ಯದ ಎರಡೂವರೆ ಪಟ್ಟು ಎತ್ತರ ಬೇಕು. ನಮ್ಮದು ಅದಕ್ಕಿಂತ ಅರ್ಧ ಅಡಿ ಜಾಸ್ತಿನೇ ಇದೆ."

"ಮತ್ತೆ ಯಾಕೆ ಹತ್ತಲಿಲ್ಲ?"

"ಘರ್ಷಣೆ..." ಎಂದೆ. "ಲೆಕ್ಕದಲ್ಲಿ ಘರ್ಷಣೆಯನ್ನ ಉಪೇಕ್ಷಿಸಿ ಅಂತ ಇರುತ್ತೆ."

"ಉಪೇಕ್ಷೆ ಮಾಡೋಕೆ ಇದು ನಿನ್ನ ಬೋರ್ಡಾ?" ಎಂದು ಹೇಳಿ ಒಳಗೆ ಹೋದಳು. ಅಪ್ಪನಿಗೆ ಮೊಸರನ್ನ ಕಲಸಬೇಕಾಗಿತ್ತು.

ಸೋಮವಾರ ಬೆಳಿಗ್ಗೆ ಟ್ಯೂಷನ್ ರಜ ಹೇಳಿ ಸಿದ್ದಾಪುರಕ್ಕೇ ಬಂದೆ. ಅಪ್ಪ ಸ್ಟೂಲಿನ ಮೇಲೆ ಕೂತಿದ್ದ, ಕಾಫಿ ಮುಗಿದಿತ್ತು, ಖಾಲಿ ಲೋಟ ಕೈಯಲ್ಲೇ ಇತ್ತು. ಕಿವಿ ಬೆಟ್ಟದ ಕಡೆಗೆ.

"ಬೆಲ್ ಆಗ್ಲಿಲ್ವಲ್ಲ?" ಎಂದ.

"ಬೇರಿಂಗ್ ಹೋಗಿದೆ ಅಪ್ಪ. ಹೊಸದು ತರಬೇಕು" ಎಂದೆ.

"ಓಹೋ" ಎಂದ. ಅಷ್ಟೇ. ಲೋಟ ಕೆಳಗಿಡಲಿಲ್ಲ.

ಅವತ್ತು ಅಕ್ಕ ಗರಗಸ ಮುಟ್ಟಲಿಲ್ಲ. ಬೆಲ್ ಆಗದೆ ಮರಕ್ಕೆ ಹಲ್ಲು ತಾಗಿಸುವಂತಿಲ್ಲವಲ್ಲ. ಉಪ್ಪುಕಾಗದ ಹಿಡಿದು ಹಳೆಯ ಒಂದು ಬಾಗಿಲನ್ನು ಉಜ್ಜುತ್ತ ಕೂತಳು. ಮಂಗಳವಾರವೂ ಅದೇ. ಗೃಹಪ್ರವೇಶಕ್ಕೆ ಬಾಗಿಲು ಬೇಕಾಗಿದ್ದವರೊಬ್ಬರು ಬಂದು, "ಏನಕ್ಕ, ಇನ್ನೂ ಚೌಕಟ್ಟೇ ಕೊಯ್ದಿಲ್ವಾ?" ಎಂದು ಗೊಣಗಿ ಹೋದರು. ಅವಳು ನನ್ನ ಕಡೆ ನೋಡಲಿಲ್ಲ. ಕಣ್ಣಿಲ್ಲದವನಿಗೆ ಇದ್ದ ಒಂದೇ ಒಂದು ಬೆಳಗಿನ ಸುಖವನ್ನು ನಾನು ಕಿತ್ತುಕೊಂಡಿದ್ದೆ, ಅದರ ಮೇಲೆ ಸುಳ್ಳನ್ನೂ ಹೇಳಿದ್ದೆ. ಇಷ್ಟು ನಾಚಿಕೆ ನನಗೆ ಯಾವ ಪರೀಕ್ಷೆಯಲ್ಲೂ ಆಗಿರಲಿಲ್ಲ.

ಬುಧವಾರ ನಾನು ಹೋಗುವ ಹೊತ್ತಿಗೆ ಅಕ್ಕ ನೆಲದ ಮೇಲೆ ಕೂತಿದ್ದಳು. ಕೈಯಲ್ಲಿ ಉದ್ದನೆಯ ಒಂದು ಬಿದಿರಿನ ಸೀಳು, ಹೆಬ್ಬೆರಳಿನಷ್ಟು ಅಗಲ. ಅದರ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಒಂದರ ಮೇಲೊಂದು ದಾಟಿಸಿ, ಮೆಲ್ಲಗೆ ಎಳೆಯುತ್ತಿದ್ದಳು. ನಡುವೆ ಒಂದು ಸುತ್ತು ಎದ್ದಿತ್ತು.

"ಇಲ್ಲಿ ನೋಡು. ನಾನು ಬರೀ ತುದಿ ಹಿಡಿದಿದ್ದೀನಿ. ಬಗ್ಗಿರೋದು ಅದೇ" ಎಂದಳು.

ಹುಡುಗಿಯರ ಜಡೆಗೆ ಕಟ್ಟಿದ ರಿಬ್ಬನ್ನಿನ ಒಂದು ಕಿವಿಯ ಹಾಗಿತ್ತು ಆ ಸುತ್ತು. ಬುಡದಲ್ಲಿ ಹೆಚ್ಚುಕಡಿಮೆ ನೇರ, ಮೇಲೆ ಹೋಗುತ್ತ ಹೋಗುತ್ತ ಬಾಗು ಜಾಸ್ತಿ, ನೆತ್ತಿಯಲ್ಲಿ ಎಲ್ಲಕ್ಕಿಂತ ಬಿಗಿ.

"ನೀನು ತಂದಿದ್ದು ಗುಂಡಗಿತ್ತು. ಮರ ಯಾವತ್ತೂ ಗುಂಡಗೆ ಬಗ್ಗಲ್ಲ" ಎಂದಳು. "ನೇರ ಬರ್ತಿರೋ ಗಾಡೀನ ಒಂದೇ ಸಲಕ್ಕೆ ಬಗ್ಗು ಅಂದ್ರೆ ಬಡಿಯದೆ ಏನ್ಮಾಡುತ್ತೆ? ಇದರಲ್ಲಿ ನೋಡು, ಮೊದಲು ಸ್ವಲ್ಪ, ಆಮೇಲೆ ಸ್ವಲ್ಪ. ಗಾಡಿಗೆ ಗೊತ್ತೇ ಆಗಲ್ಲ."

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟೆ. ವೀಡಿಯೋದಲ್ಲಿದ್ದ ಸುತ್ತು ಕೂಡ ಗುಂಡಗಿರಲಿಲ್ಲ, ನಾನು ಹತ್ತಾರು ಸಲ ನೋಡಿಯೂ ನೋಡಿರಲಿಲ್ಲ. ಬುಡದಲ್ಲಿ ವೇಗ ಜಾಸ್ತಿ, ಅಲ್ಲಿ ಬಾಗು ಕಡಿಮೆ ಇರಬೇಕು. ನೆತ್ತಿಯಲ್ಲಿ ವೇಗ ಕಡಿಮೆ, ಅಲ್ಲಿ ಬಾಗು ಜಾಸ್ತಿ ಇದ್ದರೆ ನಡೆಯುತ್ತದೆ. ಎಂಜಿನಿಯರುಗಳು ಇದನ್ನೇ ದೊಡ್ಡ ದೊಡ್ಡ ಸಮೀಕರಣ ಹಾಕಿ ಮಾಡುತ್ತಾರೆ. ನನ್ನ ಅಕ್ಕ ಬಿದಿರಿನ ಸೀಳನ್ನು ಕೇಳಿ ತಿಳಿದುಕೊಂಡಿದ್ದಳು. ಅವಳು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಎರಡು ಸಲ ಫೇಲಾದವಳು. ನನಗೆ ಹೊಟ್ಟೆಕಿಚ್ಚಾಗಬೇಕಾಗಿತ್ತು, ಆಗಲಿಲ್ಲ. ಹೆಮ್ಮೆಯಾಯಿತು. ಅದನ್ನು ಅವಳಿಗೆ ಹೇಳಿದೆ ಕೂಡ. "ಸುಮ್ನಿರೋ, ಬಿಸಿನೀರು ತಗೊಂಡ್ಬಾ" ಎಂದಳು.

ಆಮೇಲಿನ ಎರಡು ದಿನ ಅವಳು ಕೆಲಸ ಮಾಡಿದ್ದನ್ನು ನೋಡುವುದೇ ನನ್ನ ಕೆಲಸ. ಹಿಂದೆಂದೋ ಸೀಳಿಟ್ಟಿದ್ದ, ಕಾಗದಕ್ಕಿಂತ ಸ್ವಲ್ಪವೇ ದಪ್ಪವಾದ ತೇಗದ ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿದಳು. ಬಿದಿರಿನ ಆಕಾರವನ್ನು ಹಲಗೆಯ ಮೇಲೆ ಗೆರೆ ಎಳೆದು, ಗೆರೆಯುದ್ದಕ್ಕೂ ಮೊಳೆ ಹೊಡೆದು, ಪಟ್ಟಿಯನ್ನು ಅದಕ್ಕೆ ಆನಿಸಿ ಬಗ್ಗಿಸಿದಳು. ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಎಂಟು ಪದರ. ಪಟ್ಟಿ ಬಾಗುವಾಗ ಅದಕ್ಕೆ ಕಿವಿ ಕೊಡುತ್ತಿದ್ದಳು. ಚಿಟ್ ಎಂದು ಸಣ್ಣ ಸದ್ದಾದರೆ ಅಲ್ಲಿಗೇ ನಿಲ್ಲಿಸಿ, ಒದ್ದೆ ಬಟ್ಟೆ ಸುತ್ತಿ, ಸ್ವಲ್ಪ ಹೊತ್ತು ಕಾದು ಮುಂದುವರಿಸುತ್ತಿದ್ದಳು. ಮೂಲೆಯ ವೆಲ್ಡಿಂಗ್ ಅಂಗಡಿಯಿಂದ ಎರಡು ಕಬ್ಬಿಣದ ಆಸರೆ ಮಾಡಿಸಿ ತಂದಳು. ಎಲ್ಲೂ ಗರಗಸ ಬೇಕಾಗದ ಹಾಗೆ ನೋಡಿಕೊಂಡಳು. ಮುರಿದ ಅಚ್ಚಿಗೆ ಹೊಸದು ಹಾಕಿದಳು. ಬಾಗಿಲ ಬಳಿ ಅಪ್ಪ ಕೂತೇ ಇದ್ದ, ಏನನ್ನೂ ಕೇಳಲಿಲ್ಲ. ಅವನು ಕೇಳದೆ ಇದ್ದದ್ದು ನನಗೆ ಹೆಚ್ಚು ಭಯ.

ಶನಿವಾರ ಸುತ್ತು ಕೂರಿಸುವ ಮೊದಲು, ನನ್ನ ಪ್ಲೈವುಡ್ ಸುತ್ತನ್ನು ಕಿತ್ತುಹಾಕಿ, ನಾನು ಕೊಯ್ದು ಬಿಟ್ಟ ಜಾಗವನ್ನು ಚೊಕ್ಕ ಮಾಡಲು ಅಕ್ಕ ಕೈಹಾಕಿದಳು. ಸಪಾಟು ಹಳಿಯಲ್ಲಿ ಉಳಿದಿದ್ದ ತುಂಡನ್ನು ಮೆಲ್ಲಗೆ ತಟ್ಟಿದಳು. ಅದು ಕಳಚಿ ಅವಳ ಕೈಗೇ ಬಂತು. ಅವಳು ಅದನ್ನು ತಿರುಗಿಸಿ ನೋಡಿದಳು, ಹಳಿಯ ತುದಿಯನ್ನು ಉಗುರಿನಿಂದ ಕೆರೆದಳು. ಹಳೆಯ ಪಾಲಿಶಿನ ಕೆಳಗೆ ಒಂದು ಸಣ್ಣ ಮರದ ಗೂಟ.

"ಲೋ" ಎಂದಳು ಪಿಸುಮಾತಿನಲ್ಲಿ. "ಇಲ್ಲಿ ಅಂಟೇ ಇಲ್ಲ ಕಣೋ."

ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ, ನನಗೂ ಗೊತ್ತಿರುವಷ್ಟು ಸಾಮಾನ್ಯವಾದದ್ದು. ಮುಂದೆ ಯಾವತ್ತೂ ಬಿಚ್ಚದ ಕಡೆ ಅಂಟು ಹಾಕುತ್ತಾರೆ. ಮುಂದೆ ಬಿಚ್ಚಬೇಕಾದ ಕಡೆ ಅಂಟು ಹಾಕದೆ ಬರೀ ಗೂಟ ಹೊಡೆಯುತ್ತಾರೆ. ಹನ್ನೆರಡು ಅಡಿ ಬೆಟ್ಟದಲ್ಲಿ ಎಲ್ಲ ಕಡೆಯೂ ಅಂಟು. ಆ ಎರಡಡಿಯ ಸಪಾಟು ಹಳಿಗೆ ಮಾತ್ರ ಆ ತುದಿಗೊಂದು, ಈ ತುದಿಗೊಂದು ಗೂಟ. ಗೂಟ ತಳ್ಳಿದ್ದರೆ ಎರಡಡಿ ಹಳಿ ಹಾಗೇ ಎತ್ತಿ ಕೈಗೆ ಬರುತ್ತಿತ್ತು. ನಾನು ಕೊಯ್ದ ಮೊದಲನೇ ಗೆರೆ ಗೂಟದಿಂದ ಈಚೆಗೆ, ಬಿಚ್ಚುವ ಹಳಿಯಲ್ಲೇ ಇತ್ತು, ಅದರಿಂದ ನಷ್ಟವಿಲ್ಲ. ಎರಡನೇ ಗೆರೆ, ಆ ಓರೆ ಗೆರೆ, ಇನ್ನೊಂದು ಗೂಟವನ್ನು ದಾಟಿ ನಾಲ್ಕು ಬೆರಳು ಆಚೆಗೆ, ಅಪ್ಪ ಯಾವತ್ತೂ ಬಿಚ್ಚಬಾರದು ಎಂದು ಅಂಟು ಹಾಕಿದ ಹಳಿಯೊಳಗೆ ಇಳಿದಿತ್ತು.

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ನೋಡಿದರೆ ಎರಡೂ. ನಾವಿಬ್ಬರೂ ಬಾಗಿಲ ಕಡೆ ನೋಡಿದೆವು. ಸುತ್ತು ಬರಲೆಂದು ಜಾಗ ಬಿಟ್ಟುಕೊಂಡೇ ಬೆಟ್ಟ ಕಟ್ಟಿದ ಮನುಷ್ಯ ನಮಗೆ ಬೆನ್ನು ಹಾಕಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಇಷ್ಟು ವರ್ಷ ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಗೆ ಬಗ್ಗಿಸಬೇಕೆಂದು ತಿಳಿಯದೆ ನಿಂತನೋ, ಮನೆಯ ಖರ್ಚಿನ ಕೆಲಸಗಳ ನಡುವೆ ಮುಂದೆ ಹಾಕುತ್ತ ಬಂದನೋ, ಅಷ್ಟರಲ್ಲಿ ಕಣ್ಣು ಹೋಯಿತು.

ನಾಲ್ಕು ಬೆರಳು ಜಾಗಕ್ಕೆ ಅಕ್ಕ ಹೊಸ ತೇಗದ ತುಂಡು ಕೂರಿಸಿದಳು. ನನ್ನ ಓರೆಗೆ ಸರಿಯಾಗಿ ಅದನ್ನೂ ಓರೆಯಾಗಿಯೇ ಮಾಡಬೇಕಾಯಿತು, ಅದಕ್ಕೂ ಉಳಿಯನ್ನು ಬಳಸಲಿಲ್ಲ, ಉಪ್ಪುಕಾಗದದಲ್ಲೇ ಉಜ್ಜಿ ಉಜ್ಜಿ ಹೊಂದಿಸಿದಳು. ಹಳೆಯ ಹಳಿ ಕಪ್ಪಾಗಿದೆ, ಹೊಸ ತುಂಡು ಹಳದಿ. ಎದ್ದು ಕಾಣುತ್ತಿತ್ತು.

ಭಾನುವಾರ ಬೆಳಿಗ್ಗೆ ಕಾಫಿ ಆಯಿತು. ಅಕ್ಕ ಗಾಡಿಯನ್ನು ತುದಿಗಿಟ್ಟಳು. ನಾನು ಅಪ್ಪನ ಹಿಂದೆ ನಿಂತಿದ್ದೆ. ಅವಳು ಕೈಬಿಟ್ಟಳು.

ಅಪ್ಪನ ತುಟಿ ಎಣಿಸಲು ಶುರುಮಾಡಿತು. ಗಡಗಡ ಸದ್ದು ದೊಡ್ಡ ಇಳಿಜಾರಿನಲ್ಲಿ ಇಳಿಯಿತು. ಬುಡಕ್ಕೆ ಬಂತು, ಟಕ್ ಎನ್ನಲಿಲ್ಲ. ಹತ್ತುತ್ತ ಹತ್ತುತ್ತ ಸದ್ದು ಸಣ್ಣಗಾಯಿತು. ನೆತ್ತಿಯಲ್ಲಿ ಪೂರ್ತಿ ನಿಂತಿತು. ಗಾಡಿ ತಲೆಕೆಳಗಾಗಿತ್ತು, ಚಕ್ರಗಳು ಹಳಿಯನ್ನು ಒತ್ತುತ್ತಿರಲಿಲ್ಲ, ಶೆಡ್ಡಿನಲ್ಲಿ ಏನೂ ಕೇಳಿಸಲಿಲ್ಲ. ಅಪ್ಪನ ತುಟಿಯೂ ನಿಂತಿತು. ಮತ್ತೆ ಗಡಗಡ, ಎರಡನೇ ಏರು, ಮೂರನೇ ಏರು. ಬೆಲ್.

ಅಪ್ಪ ಎದ್ದು ನಿಂತ. ಕೈ ಚಾಚಿದ. ಅಕ್ಕ ಅವನನ್ನು ಬೆಟ್ಟದ ಬಳಿಗೆ ಕರೆತಂದಳು. ಅವನು ಸುತ್ತಿನ ಬುಡದಿಂದ ಬೆರಳು ಹತ್ತಿಸಿದ, ನೆತ್ತಿ ದಾಟಿಸಿದ, ಇಳಿಸಿದ. "ಮರಾನೇ ಬಗ್ಗಿಸಿದ್ದೀಯ" ಎಂದ. ಅಕ್ಕನ ತಲೆಯನ್ನು ಹುಡುಕಿ, ಅದರ ಮೇಲೆ ಕೈಯಿಟ್ಟ. ಅರವತ್ತರ ಹತ್ತಿರದ ಹೆಂಗಸು ಪುಟ್ಟ ಹುಡುಗಿಯ ಹಾಗೆ ತಲೆ ಬಗ್ಗಿಸಿ ನಿಂತಿದ್ದಳು.

ಬೆರಳು ಸುತ್ತಿನಿಂದ ಇಳಿದು ಹಳಿಯ ಮೇಲೆ ಮುಂದೆ ಹೋಯಿತು. ಹೊಸ ತುಂಡಿನ ಮೇಲೆ ನಿಂತಿತು. ಹಿಂದಕ್ಕೆ ಬಂತು, ಮತ್ತೆ ಹೋಯಿತು.

"ಇದು ನೀನು ಕೊಯ್ದಿದ್ದಲ್ವಾ?" ಎಂದ, ನನ್ನ ಕಡೆ ಮುಖ ಮಾಡಿ.

"ಹೂಂ ಅಪ್ಪ. ಬೇರಿಂಗ್ ಅಂತ ಸುಳ್ಳು ಹೇಳ್ದೆ."

"ಗೊತ್ತು. ಅವತ್ತು ಒಳಗೆ ಮಲಗಿದ್ದೆನಲ್ಲ, ನನ್ನ ಹಳಿ ಕೊಯ್ಯೋ ಸದ್ದು ನಂಗೆ ಗೊತ್ತಾಗಲ್ವಾ? ಗೂಟ ತೆಗಿ ಅಂತ ಕೂಗೋಣ ಅಂದ್ಕೊಂಡೆ."

"ಮತ್ತೆ ಕೂಗ್ಲಿಲ್ಲ ಯಾಕೆ?"

ಅಪ್ಪ ಬೆರಳಿನಿಂದ ಆ ಗೆರೆಯ ಉದ್ದಕ್ಕೂ ಹೋದ. "ಓರೆ" ಎಂದ.

"ಪಾಲಿಶ್ ಹೊಡೆದ್ರೆ ಕಾಣಲ್ಲ ಅಪ್ಪ" ಎಂದಳು ಅಕ್ಕ, ನನ್ನನ್ನು ಕಾಪಾಡಲು. "ನಾಳೆ ಬಣ್ಣ ಸೇರಿಸಿ ಮುಚ್ಚಿಬಿಡ್ತೀನಿ."

"ಮುಚ್ಚಬೇಡ. ಐವತ್ತೆರಡು ವರ್ಷಕ್ಕೆ ಈ ಶೆಡ್ಡಲ್ಲಿ ಇವನು ಗರಗಸ ಹಿಡಿದಿರೋದು ಅದೊಂದೇ ಸಲ. ಇರ್ಲಿ ಬಿಡು."

ಅಪ್ಪ ಸ್ಟೂಲಿನ ಕಡೆಗೆ ತಾನೇ ನಡೆದುಕೊಂಡು ಹೋಗಿ ಕೂತ. ಅಕ್ಕ ಗಾಡಿಯನ್ನು ಬೆಲ್ಲಿನ ಬಳಿಯಿಂದ ತೆಗೆದು ಮತ್ತೆ ತುದಿಗೆ ಇಡಲು ಹೋದಳು.

"ನೀನು ಬೇಡ" ಎಂದ ಅಪ್ಪ. "ಈ ಸಲ ಅವನು ಬಿಡ್ಲಿ."

ಅಕ್ಕ ಗಾಡಿಯನ್ನು ನನ್ನ ಕೈಗೆ ಕೊಟ್ಟಳು.